ಹೋಂಸ್ಟೇ: ಅತಿಥಿ–ಆತಿಥೇಯರ ನಡವಳಿಕೆ ಮತ್ತು ನಿರೀಕ್ಷೆ

ತಿಥಿ ಗೊತ್ತುಮಾಡದೆ ಬರುವವನೇ ಅತಿಥಿ ಎಂಬುದು ಆ ಪದಕ್ಕೆ ಬಹುಕಾಲದಿಂದ ಹೇಳಿಕೊಂಡು ಬಂದಿರುವ ನಿರುಕ್ತಿ. ಹೋಂಸ್ಟೇಯ ಅತಿಥಿ ಇದಕ್ಕೆ ತದ್ವಿರುದ್ಧ. ಆತ ಬರುವ ದಿನ, ಹೊರಡುವ ಗಂಟೆ, ತಲೆಗಿಷ್ಟೆಂಬ ದರ, ಮುಂಗಡ ಎಲ್ಲವೂ ಮೊದಲೇ ನಿಶ್ಚಯವಾಗಿರುತ್ತವೆ. ಆದರೂ ಆತ ತಂಗುವುದು ಹೋಟೆಲಿನಲ್ಲಲ್ಲ; ಒಂದು ಕುಟುಂಬ ಬಾಳುತ್ತಿರುವ ಮನೆಯಲ್ಲಿ. ಬಾಗಿಲಲ್ಲಿ ಬೆಲ್ಲ–ನೀರು ಕೊಟ್ಟು ಬರಮಾಡಿಕೊಂಡ ಮನೆಯವರೇ ಹೊರಡುವಾಗ ಬಿಲ್ಲನ್ನೂ ಕೈಗಿಡುತ್ತಾರೆ. ನೆಂಟಸ್ತಿಕೆ ಮತ್ತು ವ್ಯವಹಾರಗಳೆರಡೂ ಒಂದೇ ಸೂರಿನಡಿ ನಡೆಯುವ ಈ ಏರ್ಪಾಡಿನಲ್ಲಿ ಅತಿಥಿ ತನ್ನನ್ನು ಗ್ರಾಹಕನೆಂದೂ ಆತಿಥೇಯರು ಆತನನ್ನು ನೆಂಟನೆಂದೂ ತಿಳಿದಾಗ, ಇಲ್ಲವೇ ಇದು ತಿರುವುಮುರುವಾದಾಗ ಮನಸ್ತಾಪ ಹುಟ್ಟುತ್ತದೆ. ರಾಜ್ಯದ ಹೋಂಸ್ಟೇಗಳಲ್ಲಿ ಕೇಳಿಬರುವ ದೂರುಗಳಲ್ಲಿ ಬಹುಪಾಲು ಇದೇ ಗೊಂದಲದ ಕವಲುಗಳು.

ಕರ್ನಾಟಕದಲ್ಲಿ ಹೋಂಸ್ಟೇ ಬೆಳೆದ ಬಗೆಯನ್ನು ಗಮನಿಸಿದರೆ ಈ ಗೊಂದಲದ ಮೂಲ ಅರ್ಥವಾಗುತ್ತದೆ. ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ 1989ರಲ್ಲಿ ಕುಸಿಯಿತು. ತೊಂಬತ್ತರ ದಶಕದ ಕೊನೆಯಿಂದ ಕೆಲವು ವರ್ಷ ಕಾಫಿ ಬೆಲೆ ಪಾತಾಳಕ್ಕಿಳಿದಾಗ ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಭಾಗದ ಬೆಳೆಗಾರರು ತೋಟದ ಮನೆಯ ಖಾಲಿ ಕೋಣೆಗಳನ್ನು ಪ್ರವಾಸಿಗರಿಗೆ ತೆರೆದರು. ಮಕ್ಕಳು ಬೆಂಗಳೂರಿಗೋ ವಿದೇಶಕ್ಕೋ ಹೋಗಿ ಬರಿದಾಗಿದ್ದ ದೊಡ್ಡ ಮನೆಗಳಿಗೆ ಅದು ಆದಾಯವೂ ಆಯಿತು, ಮಾತಿಗೆ ಜನವೂ ಆಯಿತು. ಗೋಕರ್ಣದಂಥ ಕ್ಷೇತ್ರಗಳಲ್ಲಿ ಯಾತ್ರಿಕರನ್ನು ಮನೆಯಲ್ಲೇ ಇಳಿಸಿಕೊಳ್ಳುವ ರೂಢಿ ಇದಕ್ಕಿಂತ ಎಷ್ಟೋ ಹಳೆಯದು. ಅಂತೂ ಇದು ಹೋಟೆಲ್ ಉದ್ಯಮದಿಂದ ಕವಲೊಡೆದು ಬಂದದ್ದಲ್ಲ. ಮನೆಯಿಂದ ಹೊರಟು ಉದ್ಯಮದ ಕಡೆಗೆ ನಡೆದದ್ದು. ಈಗ ಶಿರಸಿ, ಯಲ್ಲಾಪುರ, ದಾಂಡೇಲಿ, ಆನೆಗೊಂದಿ ಎಲ್ಲೆಡೆ ಹೋಂಸ್ಟೇ ಫಲಕಗಳು ಕಾಣುತ್ತವೆ.

ಫಲಕ ಇದ್ದಲ್ಲೆಲ್ಲ ಹೋಂಸ್ಟೇ ಇಲ್ಲ

ಮಾಲೀಕರು ಕುಟುಂಬಸಮೇತ ಅದೇ ಆವರಣದಲ್ಲಿ ವಾಸವಾಗಿರಬೇಕೆಂಬುದು ಹೋಂಸ್ಟೇಯ ಮೂಲ ಲಕ್ಷಣ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ‘ಇನ್‌ಕ್ರೆಡಿಬಲ್ ಇಂಡಿಯಾ ಬೆಡ್ ಅಂಡ್ ಬ್ರೇಕ್‌ಫಾಸ್ಟ್’ ಯೋಜನೆ ಇದನ್ನು ಷರತ್ತಾಗಿಯೇ ವಿಧಿಸಿದೆ. ಬಾಡಿಗೆಗೆ ಕೊಡುವ ಕೋಣೆಗಳು ಕನಿಷ್ಠ ಒಂದು, ಗರಿಷ್ಠ 6. ಹಾಸಿಗೆಗಳು 12ನ್ನು ಮೀರುವಂತಿಲ್ಲ. ಸೌಲಭ್ಯಕ್ಕೆ ತಕ್ಕಂತೆ ಚಿನ್ನ ಮತ್ತು ಬೆಳ್ಳಿ ಎಂಬ ಎರಡು ದರ್ಜೆಗಳಿವೆ. ರಾಜ್ಯದಲ್ಲಿ ಹೋಂಸ್ಟೇ ನಡೆಸುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು.

ಆದರೆ ಬೆಂಗಳೂರಿನಲ್ಲಿ ಕುಳಿತ ಮಾಲೀಕರು, ಸ್ಥಳದಲ್ಲಿ ಒಬ್ಬ ಮ್ಯಾನೇಜರ್, ಹೊರಗಿನಿಂದ ತರಿಸುವ ಊಟ ಎಂಬ ಮಾದರಿಯ ವಿಲ್ಲಾಗಳೂ ಇದೇ ಹೆಸರನ್ನು ಧರಿಸಿವೆ. ಅವು ಕೆಟ್ಟವೆಂದಲ್ಲ. ಮನೆಯ ಅಡುಗೆ, ಮನೆಯವರ ಜತೆ ಹರಟೆ ಬಯಸಿ ಬಂದವರಿಗೆ ಅಲ್ಲಿ ನಿರಾಸೆ ಖಚಿತ. ತಮ್ಮ ಪಾಡಿಗೆ ತಾವಿರಬೇಕೆನ್ನುವವರು ನಿಜವಾದ ಹೋಂಸ್ಟೇಗೆ ಹೋಗಿ, ಮನೆಯ ಅಜ್ಜಿ ಪ್ರತಿ ಸಂಜೆ ಜಗಲಿಯಲ್ಲಿ ಕುಳಿತು ಊರು, ಕೆಲಸ, ಮಕ್ಕಳ ವಿಚಾರ ಕೇಳುತ್ತಾರೆಂದು ಬೇಸರಿಸುವುದೂ ಅಷ್ಟೇ ಸಾಮಾನ್ಯ. “ಮನೆಯವರು ಅಲ್ಲೇ ಇರುತ್ತಾರೆಯೇ? ಅಡುಗೆ ಮಾಡುವವರು ಯಾರು?” ಎಂಬ ಎರಡು ಪ್ರಶ್ನೆಗಳನ್ನು ಮುಂಗಡ ಕಳುಹಿಸುವ ಮೊದಲೇ ಕೇಳಿದರೆ ಈ ತೊಡಕು ಮುಕ್ಕಾಲು ಪಾಲು ಬಗೆಹರಿಯುತ್ತದೆ.

ಆತಿಥೇಯರ ಮೊದಲ ಕರ್ತವ್ಯ ನಿಜ ಹೇಳುವುದು. ಮಳೆಗಾಲ ಮುಗಿದ ಮರುದಿನ ತೆಗೆದ ಹಸಿರು ಚಿತ್ರವನ್ನು ಏಪ್ರಿಲ್ ತಿಂಗಳ ಅತಿಥಿಗೆ ತೋರಿಸುವುದು, ಅರ್ಧ ಗಂಟೆ ಇಳಿದು ಹೋಗಬೇಕಾದ ಹೊಳೆಯನ್ನು ‘ಮನೆಯ ಪಕ್ಕದ ಹೊಳೆ’ ಎನ್ನುವುದು ಸಣ್ಣ ಸುಳ್ಳುಗಳಂತೆ ಕಂಡರೂ ವಯಸ್ಸಾದ ತಂದೆತಾಯಿಯರನ್ನು ಕರೆತಂದವರಿಗೆ ಸಣ್ಣವಲ್ಲ. ಕೊನೆಯ ಎರಡು ಕಿಲೋಮೀಟರಿನ ಕಚ್ಚಾ ರಸ್ತೆಗೆ ಜೀಪೇ ಬೇಕೆ, ಯಾವ ಕಂಪನಿಯ ಮೊಬೈಲ್ ಸಿಗ್ನಲ್ ಸಿಗುತ್ತದೆ, ಮಳೆಗಾಲದಲ್ಲಿ ಕರೆಂಟ್ ಹೋದರೆ ಎಷ್ಟು ಹೊತ್ತು ಬರುವುದಿಲ್ಲ, ಸ್ನಾನದ ಬಿಸಿನೀರು ಹಂಡೆಯದೋ ಗೀಸರಿನದೋ, ಶೌಚಾಲಯ ಕೋಣೆಗೆ ಅಂಟಿಕೊಂಡಿದೆಯೋ ಹಿತ್ತಲಲ್ಲಿದೆಯೋ ಎಂಬುದನ್ನು ಕೇಳುವ ಮೊದಲೇ ತಿಳಿಸುವುದು ಒಳಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವವರಿಗೆ ಇಂಬಳದ ವಿಷಯವನ್ನು ಹೇಳಲೇಬೇಕು. ಮಲೆನಾಡಿಗರಿಗೆ ಅದು ಉಪ್ಪು, ಸುಣ್ಣದಲ್ಲಿ ಮುಗಿಯುವ ಮಾತು; ಮೊದಲ ಬಾರಿ ಕಾಲಿನಲ್ಲಿ ರಕ್ತ ಕಂಡ ನಗರದ ಮಗುವಿಗೆ ಹಾಗಲ್ಲ.

ತಲೆಲೆಕ್ಕ ಮತ್ತು ಚಾಲಕ

ಆರು ಜನಕ್ಕೆ ಕಾಯ್ದಿರಿಸಿ ಒಂಬತ್ತು ಜನ ಇಳಿಯುವುದು ಆತಿಥೇಯರ ಅತಿ ಹಳೆಯ ದೂರು. “ಮಕ್ಕಳು ತಾನೇ, ನಮ್ಮ ಜತೆಯೇ ಮಲಗುತ್ತಾರೆ” ಎಂಬ ಸಮಜಾಯಿಷಿ ಹೋಟೆಲಿನಲ್ಲಿ ನಡೆದೀತು. ಹೋಂಸ್ಟೇಯಲ್ಲಿ ಅಕ್ಕಿ ನೆನೆಹಾಕಿರುವುದು, ಕೋಳಿ ತರಿಸಿರುವುದು, ಹಾಸಿಗೆ ಬಿಸಿಲಿಗೆ ಹಾಕಿರುವುದು ತಲೆ ಎಣಿಸಿಯೇ. ಹತ್ತಿರದ ಅಂಗಡಿ ಹತ್ತು ಕಿಲೋಮೀಟರ್ ದೂರವಿರುವ ಊರಿನಲ್ಲಿ ಸಂಜೆ ಏಳಕ್ಕೆ ಹೆಚ್ಚುವರಿ ಮೂವರಿಗೆ ಊಟ ಹೊಂದಿಸುವುದು ಸುಲಭವಲ್ಲ. ಮಕ್ಕಳ ವಯಸ್ಸನ್ನೂ ಸೇರಿಸಿ ನಿಜವಾದ ಸಂಖ್ಯೆಯನ್ನು ಮೊದಲೇ ಹೇಳಬೇಕು. ಎಷ್ಟು ವಯಸ್ಸಿನವರೆಗೆ ದರವಿಲ್ಲ, ಎಷ್ಟರವರೆಗೆ ಅರ್ಧ ಎಂಬುದನ್ನು ಆತಿಥೇಯರೂ ಆಗಲೇ ತಿಳಿಸಬೇಕು; ಹೊರಡುವ ಹೊತ್ತಿನಲ್ಲಿ ಮಗುವಿನ ವಯಸ್ಸಿನ ಚರ್ಚೆ ಇಬ್ಬರಿಗೂ ಶೋಭೆಯಲ್ಲ.

ಈ ಲೆಕ್ಕದಲ್ಲಿ ಸದಾ ಬಿಟ್ಟುಹೋಗುವ ಒಬ್ಬನೆಂದರೆ ಬಾಡಿಗೆ ಕಾರಿನ ಚಾಲಕ. ಬೆಂಗಳೂರಿನಿಂದ ಆರೇಳು ಗಂಟೆ ವಾಹನ ನಡೆಸಿ ಬಂದಾತ ಎಲ್ಲಿ ಮಲಗುತ್ತಾನೆ, ಏನು ಉಣ್ಣುತ್ತಾನೆ ಎಂಬುದನ್ನು ಅತಿಥಿಯೂ ಕೇಳಿರುವುದಿಲ್ಲ, ಆತಿಥೇಯರೂ ಹೇಳಿರುವುದಿಲ್ಲ. ಚಾಲಕರ ಭತ್ಯೆ ಕೊಟ್ಟಿದ್ದೇವೆ ಎಂಬುದು ಅತಿಥಿಯ ಉತ್ತರ. ತೋಟದ ನಡುವೆ ಆ ಭತ್ಯೆ ಹಿಡಿದು ಹೋಗಲು ಲಾಡ್ಜೂ ಇಲ್ಲ, ಹೋಟೆಲೂ ಇಲ್ಲ. ಕೊನೆಗೆ ಆತ ಮಂಜು ಸುರಿಯುವ ರಾತ್ರಿಯಲ್ಲಿ ಕಾರಿನ ಸೀಟಿನಲ್ಲೇ ಕಾಲು ಮಡಚಿ ಮಲಗಿ, ಮರುದಿನ ಅದೇ ನಿದ್ದೆಗಣ್ಣಿನಲ್ಲಿ ಘಾಟಿ ಇಳಿಯುತ್ತಾನೆ. ಇದು ಸೌಜನ್ಯದ ಪ್ರಶ್ನೆ ಮಾತ್ರವಲ್ಲ, ಕಾರಿನಲ್ಲಿ ಕೂರುವ ಎಲ್ಲರ ಜೀವದ ಪ್ರಶ್ನೆ. ಚಾಲಕನಿಗೆ ಹಾಸಿಗೆ, ಶೌಚಾಲಯ, ಬಿಸಿ ಊಟ ಉಂಟೇ, ಅದರ ದರವೆಷ್ಟು ಎಂಬುದನ್ನು ಕಾಯ್ದಿರಿಸುವಾಗಲೇ ಮಾತಾಡಿಕೊಳ್ಳಬೇಕು. ಹಲವು ಒಳ್ಳೆಯ ಮನೆಗಳಲ್ಲಿ ಇದಕ್ಕಾಗಿ ಪ್ರತ್ಯೇಕ ಕೋಣೆಯೇ ಇದೆ.

ಗುರುತಿನ ಚೀಟಿ, ಜೋಡಿಗಳು, ಜಾತಿ

ಬಂದವರ ಹೆಸರು, ವಿಳಾಸ ಬರೆದುಕೊಂಡು ಗುರುತಿನ ಚೀಟಿಯ ಪ್ರತಿ ಪಡೆಯುವುದು ಅವಮಾನವಲ್ಲ, ನಿಯಮ. ಆಧಾರ್ ಕೊಡುವವರು ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದ ಪಡೆದು ಕೊಡಬಹುದು. ಆ ಪ್ರತಿಗಳನ್ನು ಮೇಜಿನ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ಬಿಡದಿರುವುದು ಆತಿಥೇಯರ ಹೊಣೆ. ವಿದೇಶಿ ಪ್ರಜೆಗಳು ತಂಗಿದರೆ 24 ಗಂಟೆಗಳೊಳಗೆ ಅವರ ವಿವರವನ್ನು ಆನ್‌ಲೈನ್ ಮೂಲಕ ವಲಸೆ ಅಧಿಕಾರಿಗಳಿಗೆ ಸಲ್ಲಿಸಬೇಕು. ಹಳೆಯ ಕಾಯ್ದೆಗಳ ಬದಲಿಗೆ 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ಮಾಹಿತಿ ನೀಡುವ ಈ ಹೊಣೆ ಮುಂದುವರಿದಿದೆ. ಅಮೆರಿಕದ ಪಾಸ್‌ಪೋರ್ಟ್ ಹೊಂದಿರುವ ಕನ್ನಡಿಗ ಮಗನೂ ಈ ಲೆಕ್ಕದಲ್ಲಿ ವಿದೇಶಿಯೇ. ಮಾತೃಭಾಷೆ ಇಲ್ಲಿ ಗಣನೆಗೆ ಬರುವುದಿಲ್ಲ.

ಮದುವೆಯಾಗದ ಜೋಡಿಗಳ ವಿಷಯದಲ್ಲಿ ಕಾನೂನಿಗಿಂತ ಅಂಜಿಕೆಯೇ ಹೆಚ್ಚು ಕೆಲಸ ಮಾಡುತ್ತದೆ. ವಯಸ್ಕರಿಬ್ಬರು ಒಂದೇ ಕೋಣೆಯಲ್ಲಿ ತಂಗುವುದನ್ನು ನಿಷೇಧಿಸುವ ಕಾನೂನು ಇಲ್ಲವೆಂದು ಮದ್ರಾಸ್ ಹೈಕೋರ್ಟ್ 2019ರ ಡಿಸೆಂಬರ್‌ನಲ್ಲಿ ಕೊಯಮತ್ತೂರಿನ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿತು. ಆದರೂ ಅನೇಕ ಮನೆಗಳು ಒಪ್ಪುವುದಿಲ್ಲ. ಮನೆಯ ಹಿರಿಯರ ಮನೋಭಾವ ಒಂದು ಕಾರಣವಾದರೆ ಊರಿನವರ ಭಯ ಇನ್ನೊಂದು. ಮಂಗಳೂರಿನ ಪಡೀಲ್‌ನಲ್ಲಿ 2012ರ ಜುಲೈ 28ರಂದು ಗುಂಪೊಂದು ಹೋಂಸ್ಟೇಗೆ ನುಗ್ಗಿ, ಹುಟ್ಟುಹಬ್ಬದ ಕೂಟದಲ್ಲಿದ್ದ ಯುವಕ–ಯುವತಿಯರ ಮೇಲೆ ಹಲ್ಲೆ ನಡೆಸಿದ ಘಟನೆ ದೇಶದಾದ್ಯಂತ ಸುದ್ದಿಯಾಗಿತ್ತು. ಆ ಪ್ರಕರಣದ ಆರೋಪಿಗಳು 2024ರಲ್ಲಿ ಖುಲಾಸೆಗೊಂಡರು. ಜೋಡಿಗಳಿಗೆ ಕೋಣೆ ಕೊಡುವುದಿಲ್ಲವೆಂಬ ನಿರ್ಧಾರವಿದ್ದರೆ ಮುಂಗಡ ಪಡೆಯುವ ಮೊದಲೇ ಹೇಳುವುದು ಕನಿಷ್ಠ ಸೌಜನ್ಯ. ಹಣ ಪಡೆದು, ಕತ್ತಲಾದ ಮೇಲೆ ಬಾಗಿಲಿನಿಂದ ಹಿಂದೆ ಕಳುಹಿಸುವುದು ಅತಿಥಿಯನ್ನು ಅಪಾಯಕ್ಕೆ ದೂಡಿದಂತೆ.

ಜಾತಿ, ಧರ್ಮದ ಪ್ರಶ್ನೆ ಇನ್ನೂ ಸೂಕ್ಷ್ಮ. “ನೀವು ಯಾವ ಪೈಕಿ?” ಎಂಬುದು ಕೆಲವು ಊರುಗಳಲ್ಲಿ ಮಾತು ಆರಂಭಿಸುವ ರೂಢಿಯ ಮಾತಷ್ಟೇ ಎಂದು ಸಮರ್ಥಿಸಿಕೊಳ್ಳುವವರಿದ್ದಾರೆ. ಉತ್ತರ ಕೇಳಿ ತಟ್ಟೆ ಬದಲಾದರೆ ಅದು ರೂಢಿಯ ಮಾತಾಗಿ ಉಳಿಯುವುದಿಲ್ಲ. ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ಹೋಟೆಲು, ಸಾರ್ವಜನಿಕ ಉಪಾಹಾರ ಗೃಹಗಳ ಪ್ರವೇಶದಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಆಧಾರದ ನಿರ್ಬಂಧವನ್ನು ತಡೆಯುತ್ತದೆ. ಅಸ್ಪೃಶ್ಯತೆಯ ಆಚರಣೆಯಾಗಿ ವಸತಿಯನ್ನೋ ಪಾತ್ರೆಯನ್ನೋ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಣ ಪಡೆದು ಸಾರ್ವಜನಿಕರಿಗೆ ಬಾಗಿಲು ತೆರೆದ ಮೇಲೆ ‘ಇದು ನಮ್ಮ ಮನೆ’ ಎಂಬ ವಾದ ಬಹಳ ದೂರ ನಿಲ್ಲಲಾರದು. ಅಡುಗೆಮನೆ, ದೇವರ ಕೋಣೆಗಳಿಗೆ ಹೊರಗಿನವರು ಬರಬಾರದೆಂಬ ನಿಯಮವಿದ್ದರೆ ಅದು ಎಲ್ಲ ಅತಿಥಿಗಳಿಗೂ ಒಂದೇ ರೀತಿ ಅನ್ವಯಿಸಬೇಕು.

ಅಡುಗೆಮನೆಯ ಗಡಿಯಾರ

ಹೋಂಸ್ಟೇಗಳ ಆಕರ್ಷಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಊಟದ್ದು. ಕೊಡಗಿನ ಪಂದಿ ಕರಿ, ಕಡಂಬುಟ್ಟು, ನೂಪುಟ್ಟು. ಮಲೆನಾಡಿನ ಅಕ್ಕಿ ರೊಟ್ಟಿ, ಕಡುಬು, ಕಳಲೆ ಪಲ್ಯ, ಪತ್ರೊಡೆ. ಶಿರಸಿ ಕಡೆಯ ತಂಬುಳಿ, ಅಪ್ಪೆಹುಳಿ. ಇವುಗಳಲ್ಲಿ ಯಾವುದೂ ಹತ್ತು ನಿಮಿಷದಲ್ಲಿ ಸಿದ್ಧವಾಗುವುದಿಲ್ಲ. ಕಳಲೆಯನ್ನು ಹೆಚ್ಚಿ ನೀರು ಬದಲಿಸುತ್ತ ನೆನೆಹಾಕಬೇಕು. ಪತ್ರೊಡೆಗೆ ಕೆಸುವಿನೆಲೆ ಕೊಯ್ದು, ಹಿಟ್ಟು ಬಳಿದು, ಸುರುಳಿ ಸುತ್ತಿ ಬೇಯಿಸಬೇಕು. ಅಲ್ಲಿ ಮೆನು ಕಾರ್ಡ್ ಇಲ್ಲದಿರುವುದು ಕೊರತೆಯಲ್ಲ. ಅದೇ ಆ ಮನೆಯ ವೈಶಿಷ್ಟ್ಯ. ಸಸ್ಯಾಹಾರ, ಈರುಳ್ಳಿ–ಬೆಳ್ಳುಳ್ಳಿ ವರ್ಜ್ಯ, ಸಕ್ಕರೆ ಕಾಯಿಲೆ, ಶೇಂಗಾ ಒಗ್ಗದಿರುವಿಕೆ ಮುಂತಾದವನ್ನು ಎರಡು ದಿನ ಮೊದಲೇ ತಿಳಿಸಿದರೆ ಯಾವ ಮನೆಯೂ ಬೇಸರಿಸುವುದಿಲ್ಲ. ಹಂದಿಮಾಂಸ ಬೇಯುವ ಪಾತ್ರೆಯೇ ಬೇರೆಯೋ ಎಂದು ತಟ್ಟೆಯ ಮುಂದೆ ಕುಳಿತು ವಿಚಾರಿಸುವುದಕ್ಕಿಂತ ಫೋನಿನಲ್ಲೇ ಕೇಳುವುದು ವಾಸಿ.

ಅತಿಥಿಗಳಿಗೆ ಕಾಣದಿರುವುದು ಅಡುಗೆಮನೆಯ ಹೆಂಗಸರ ದಿನಚರಿ. ರಾತ್ರಿ ಎಂಟೂವರೆಗೆ ಊಟವೆಂದು ಹೇಳಿದ್ದರೂ ಬೆಂಕಿಯ ಸುತ್ತ ಕುಳಿತ ತಂಡ ಹನ್ನೊಂದಕ್ಕೆ ಎದ್ದು ಬಂದರೆ, ಬಡಿಸಿ, ಪಾತ್ರೆ ತೊಳೆದು ಮಲಗುವಾಗ ಒಂದು ಗಂಟೆ. ಬೆಳಗ್ಗೆ ಐದಕ್ಕೆ ಹಾಲು ಕರೆಯಬೇಕು. ಆರಕ್ಕೆ ಯಾರೋ ಕಾಫಿ ಕೇಳುತ್ತಾರೆ. ಹೋಟೆಲಿನಲ್ಲಿ ಪಾಳಿ ಬದಲಾಗುತ್ತದೆ, ಮನೆಯಲ್ಲಿ ಪಾಳಿ ಇಲ್ಲ. ತಡವಾಗುವುದಾದರೆ ಅಡುಗೆಯನ್ನು ಮುಚ್ಚಿಟ್ಟು ಮಲಗಿರೆಂದು ಹೇಳುವ ಅತಿಥಿಗಳನ್ನು ಮನೆಯವರು ಬಹುಕಾಲ ನೆನೆಯುತ್ತಾರೆ. ಆತಿಥೇಯರ ಕಡೆಯಿಂದಲೂ ಒಂದು ಅತಿರೇಕವುಂಟು. ಬೇಡವೆಂದರೂ ಮತ್ತೆ ಮತ್ತೆ ಬಡಿಸುವ ಉಪಚಾರ ಹಳೆಯ ನೆಂಟರಿಗೆ ಪ್ರೀತಿ. ಊಟ ಹಾಕಿಸಿಕೊಂಡು ಬಿಡಲಾರದೆ ಒದ್ದಾಡುವ ನಗರದವರಿಗೆ ಅದು ಶಿಕ್ಷೆ.

ತೋಟ ಉದ್ಯಾನವಲ್ಲ

ಕಾಫಿ ತೋಟ ನೋಡಲು ಬಂದವರು ಮರೆಯುವ ಸಂಗತಿಯೆಂದರೆ ಅದು ಕೆಲಸದ ಜಾಗ. ಡಿಸೆಂಬರ್, ಜನವರಿಯ ರಜೆಯಲ್ಲಿ ಅತಿಥಿಗಳು ತುಂಬಿರುವಾಗಲೇ ಕೊಯ್ಲು ಕೂಡ ನಡೆದಿರುತ್ತದೆ. ಅಂಗಳದ ಮುಂದಿನ ವಿಶಾಲವಾದ ಸಿಮೆಂಟು ಕಣ ಕಾರು ನಿಲ್ಲಿಸಲು, ಮಕ್ಕಳು ಕ್ರಿಕೆಟ್ ಆಡಲು ಹೇಳಿ ಮಾಡಿಸಿದಂತೆ ಕಂಡರೂ ಅಲ್ಲಿ ಒಣಗುತ್ತಿರುವುದು ವರ್ಷದ ದುಡಿಮೆ. ಕಾಫಿ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಅದರ ಮೇಲೆ ಎಣ್ಣೆ ಸೋರುವ ವಾಹನ ನಿಂತರೆ ಆಗುವ ನಷ್ಟ ಆ ದಿನದ ಕೋಣೆ ಬಾಡಿಗೆಯಿಂದ ತುಂಬುವಂಥದ್ದಲ್ಲ. ಮೆಣಸಿನ ಬಳ್ಳಿಯ ಗೆರೆ ಕಿತ್ತು ನೋಡುವುದು, ಹೂಮಳೆಯ ನಂತರ ಅರಳಿದ ಕಾಫಿ ಹೂವಿನ ರೆಂಬೆಯನ್ನು ಮುರಿದು ಮುಡಿಯುವುದು ಇದೇ ಜಾತಿಗೆ ಸೇರಿದವು. ಆ ರೆಂಬೆಯ ಒಂದೊಂದು ಹೂವೂ ಮುಂದಿನ ಫಸಲಿನ ಒಂದೊಂದು ಹಣ್ಣು. ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳ ಮುಂದೆ ನಿಂತು, ಬಟ್ಟೆ ಒಗೆಯುವವರ, ಆಡುವ ಮಕ್ಕಳ ಚಿತ್ರ ತೆಗೆಯುವವರು ತಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಯಾರಾದರೂ ಕ್ಯಾಮೆರಾ ಹಿಡಿದರೆ ಸಹಿಸುವರೇ ಎಂದು ಯೋಚಿಸಬೇಕು. ಕೇಳಿ ತೆಗೆದರೆ ತೊಂದರೆಯಿಲ್ಲ.

ದಕ್ಷಿಣ ಕೊಡಗಿನಲ್ಲೂ ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲೂ ಆನೆಗಳು ತೋಟದೊಳಗೇ ಬೀಡುಬಿಡುತ್ತವೆ. ನಸುಕಿನಲ್ಲಿ ಒಬ್ಬರೇ ನಡೆದಾಡಬೇಡಿ, ಕತ್ತಲಾದ ಮೇಲೆ ಗೇಟು ದಾಟಬೇಡಿ ಎಂದು ಮನೆಯವರು ಹೇಳುವುದು ಹೆದರಿಸಲೆಂದಲ್ಲ. ರಾತ್ರಿ ನಾಯಿಗಳನ್ನು ಬಿಚ್ಚುವ ಹೊತ್ತು ಯಾವುದೆಂಬುದನ್ನೂ ಕೇಳಿಟ್ಟುಕೊಳ್ಳುವುದು ಲೇಸು. ಕೊಡವರಿಗೆ ಕೋವಿಯ ವಿಷಯದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಿಂದ ಇರುವ ವಿನಾಯಿತಿ ಅತಿಥಿಗೆ ಅನ್ವಯಿಸುವುದಿಲ್ಲ. ಗೋಡೆಯ ಮೇಲಿನ ಕೋವಿಯನ್ನು ಕೈಗೆತ್ತಿಕೊಂಡು ಚಿತ್ರ ತೆಗೆಸಿಕೊಳ್ಳಲು ಒತ್ತಾಯಿಸುವುದು ಆತಿಥೇಯರನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಇನ್ನು ಸುರಕ್ಷತೆಯ ಮಾತು ಕಾಡುಪ್ರಾಣಿಗಳಿಗಷ್ಟೇ ಸೀಮಿತವಲ್ಲ. ಕೊಪ್ಪಳ ಜಿಲ್ಲೆಯ ಸಾಣಾಪುರದ ಬಳಿ 2025ರ ಮಾರ್ಚ್‌ನಲ್ಲಿ ರಾತ್ರಿ ಕಾಲುವೆ ಬದಿಯಲ್ಲಿ ಕುಳಿತಿದ್ದ ಪ್ರವಾಸಿಗರು ಮತ್ತು ಅವರ ಜತೆಗಿದ್ದ ಆತಿಥೇಯ ಮಹಿಳೆಯ ಮೇಲೆ ನಡೆದ ದಾಳಿಯಲ್ಲಿ ಒಬ್ಬ ಪ್ರವಾಸಿ ಪ್ರಾಣ ಕಳೆದುಕೊಂಡರು, ಇಬ್ಬರು ಮಹಿಳೆಯರು ಅತ್ಯಾಚಾರಕ್ಕೊಳಗಾದರು. ಅತಿಥಿಗಳನ್ನು ರಾತ್ರಿ ನಿರ್ಜನ ಜಾಗಗಳಿಗೆ ಕರೆದೊಯ್ಯುವ ಮೊದಲು ಯಾರಿಗೆ ತಿಳಿಸಿರಬೇಕು, ಫೋನ್ ಸಿಗುತ್ತದೆಯೇ ಎಂಬ ಪ್ರಶ್ನೆಗಳು ಆ ಬಳಿಕ ಆತಿಥೇಯರಿಗೂ ಎದುರಾಗಿವೆ.

ಗದ್ದಲ, ಮದ್ಯ, ಗೀಸರ್

ಧ್ವನಿವರ್ಧಕಗಳಿಗೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ನಿರ್ಬಂಧ ವಿಧಿಸಿವೆ. ಕಣಿವೆಯಲ್ಲಿ ಶಬ್ದ ಬಹುದೂರ ಸಾಗುವುದರಿಂದ ಹಾಡು ಹಾಕಿದವರಿಗೆ ಸಣ್ಣದೆನಿಸಿದ್ದು ಆಚೆ ಗುಡ್ಡದ ಮನೆಯ ನಿದ್ದೆ ಕೆಡಿಸುತ್ತದೆ. ದೂರು ಬರುವುದು ಮಾತ್ರ ಮರುದಿನ ಊರಿಗೆ ಮರಳುವ ಅತಿಥಿಯ ಮೇಲಲ್ಲ, ಅಲ್ಲೇ ಬಾಳಬೇಕಾದ ಆತಿಥೇಯರ ಮೇಲೆ. ಪರವಾನಗಿ ಇಲ್ಲದೆ ಮದ್ಯ ಮಾರುವುದು ಅಪರಾಧವಾದ್ದರಿಂದ “ಎರಡು ಬಾಟಲಿ ತರಿಸಿಕೊಡಿ, ಬಿಲ್ಲಿಗೆ ಸೇರಿಸಿ” ಎಂದು ಕೇಳುವುದು ಸರಿಯಲ್ಲ.

ಗೋಪ್ಯತೆ ಅತಿಥಿಯ ಹಕ್ಕು. ಬಾಗಿಲು ತಟ್ಟದೆ ಕೋಣೆಗೆ ಬರುವುದು, ಇಲ್ಲದ ವೇಳೆ ಚೀಲ ಸರಿಸುವುದು ಮನೆಯವರಿಗೆ ಸಹಜವೆನಿಸಿದರೂ ಸಲ್ಲದು. ಗೇಟಿನ ಬಳಿ, ಅಂಗಳದಲ್ಲಿ ಸಿಸಿ ಕ್ಯಾಮೆರಾ ಇದ್ದರೆ ಮೊದಲೇ ಹೇಳಬೇಕು. ಏರ್‌ಬಿಎನ್‌ಬಿ ಸಂಸ್ಥೆ 2024ರ ಏಪ್ರಿಲ್ 30ರಿಂದ ಮನೆಯೊಳಗಿನ ಕ್ಯಾಮೆರಾಗಳನ್ನು ಸಂಪೂರ್ಣವಾಗಿ ನಿಷೇಧಿಸಿದೆ. ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರವನ್ನು ಅನುಮತಿಯಿಲ್ಲದೆ ಸೆರೆಹಿಡಿಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್ ಪ್ರಕಾರ ಮೂರು ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ಕ್ಯಾಮೆರಾಕ್ಕಿಂತ ಕಡಿಮೆ ಚರ್ಚೆಯಾಗುವ, ಆದರೆ ಜೀವ ತೆಗೆಯುವ ಇನ್ನೊಂದು ವಸ್ತು ಸ್ನಾನದ ಮನೆಯೊಳಗಿನ ಗ್ಯಾಸ್ ಗೀಸರ್. ಗಾಳಿಯಾಡದ ಕೋಣೆಯಲ್ಲಿ ಅದು ಉಗುಳುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗೀಸರನ್ನು ಹೊರಗೋಡೆಯ ಮೇಲಿಡುವುದು, ಕಿಟಕಿಯನ್ನು ಮುಚ್ಚದಂತೆ ತೆರೆದಿಡುವುದು ಆತಿಥೇಯರು ಮಾಡಲೇಬೇಕಾದ ಕೆಲಸ. ಚಳಿಯೆಂದು ಕೆಂಡದ ಒಲೆಯನ್ನು ಮಲಗುವ ಕೋಣೆಗೆ ಕೇಳುವ ಅತಿಥಿಗೂ ಇದೇ ಕಾರಣ ಹೇಳಿ ನಿರಾಕರಿಸಬೇಕು.

ರದ್ದತಿ ಮತ್ತು ವಿಮರ್ಶೆ

ಮುಂಗಡ ಹಣದ ಜಗಳಗಳು ಮಳೆಗಾಲದಲ್ಲಿ ಹೆಚ್ಚು. ಕೊಡಗಿನಲ್ಲಿ 2018ರ ಆಗಸ್ಟ್‌ನ ಭೂಕುಸಿತದ ವೇಳೆ ಜಿಲ್ಲಾಡಳಿತ ಪ್ರವಾಸಿಗರ ವಾಸ್ತವ್ಯಕ್ಕೆ ನಿರ್ಬಂಧ ಹೇರಿತ್ತು. 2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಇಡೀ ದೇಶವೇ ಮುಚ್ಚಿತು. ಸರ್ಕಾರದ ಆದೇಶದಿಂದ ಬರಲಾಗದಿದ್ದರೆ ಪೂರ್ತಿ ಹಣ ಮರಳಿಸುವುದು ಅಥವಾ ಬೇರೆ ದಿನಾಂಕ ಕೊಡುವುದು ನ್ಯಾಯ. ಮೋಡ ನೋಡಿ ಮನಸ್ಸು ಬದಲಾಯಿಸಿದವರು ಅದನ್ನೇ ಕೇಳುವುದು ನ್ಯಾಯವಲ್ಲ. ಅವರಿಗಾಗಿ ಬೇರೆಯವರನ್ನು ಹಿಂದೆ ಕಳುಹಿಸಿರುತ್ತಾರೆ. ಷರತ್ತು ಬಾಯಿಮಾತಿನದ್ದಾಗಿರದೆ ಒಂದು ವಾಟ್ಸ್‌ಆ್ಯಪ್ ಸಂದೇಶದಲ್ಲಾದರೂ ಇರಬೇಕು. ಮಾತು ಮುರಿದುಬಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅತಿಥಿ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು, ಚಿಕ್ಕಮಗಳೂರಿಗೆ ಅಲೆಯಬೇಕಿಲ್ಲ.

ಜಾಲತಾಣದ ವಿಮರ್ಶೆ ಈಗ ಎರಡೂ ಕಡೆಯ ಅಸ್ತ್ರ. ಏರ್‌ಬಿಎನ್‌ಬಿಯಲ್ಲಿ ಅತಿಥಿ–ಆತಿಥೇಯರಿಬ್ಬರೂ ಪರಸ್ಪರ ಬರೆಯುತ್ತಾರೆ. ಇಬ್ಬರೂ ಬರೆದ ನಂತರ ಅಥವಾ 14 ದಿನ ಕಳೆದ ಮೇಲಷ್ಟೇ ಅವು ಪ್ರಕಟವಾಗುತ್ತವೆ, ಹೀಗಾಗಿ ಒಬ್ಬರದನ್ನು ಓದಿ ಇನ್ನೊಬ್ಬರು ಸೇಡು ತೀರಿಸಿಕೊಳ್ಳಲಾಗದು. ಸಾರು ಉಪ್ಪಾಗಿತ್ತು, ಹೊದಿಕೆ ಒದ್ದೆಯಿತ್ತು ಎಂಬುದನ್ನು ಅಲ್ಲಿರುವಾಗ ಹೇಳದೆ ಮನೆಗೆ ಹೋಗಿ ಬರೆಯುವುದು ಸರಿಪಡಿಸುವ ಅವಕಾಶವನ್ನೇ ಕಸಿದಂತೆ. ಕಡಿಮೆ ತಾರೆ ಕೊಡುತ್ತೇವೆಂದು ಬೆದರಿಸಿ ದರ ಇಳಿಸಿಕೊಳ್ಳುವವರೂ ಇದ್ದಾರೆ. ಐದು ತಾರೆ ಕೊಟ್ಟರೆ ರಿಯಾಯಿತಿ ಎನ್ನುವ ಆತಿಥೇಯರೂ ಇದ್ದಾರೆ. ಎರಡರಿಂದಲೂ ಮೋಸಹೋಗುವುದು ಮೂರನೆಯ ಓದುಗ.

ಹೊರಡುವಾಗ ಕೋಣೆಯನ್ನು ಗುಡಿಸಿಕೊಟ್ಟು ಹೋಗಬೇಕೆಂದೇನೂ ಇಲ್ಲ. ಒಡೆದ ಲೋಟ, ಕಲೆಯಾದ ಹಾಸು ಇದ್ದರೆ ಮುಚ್ಚಿಡದೆ ಹೇಳಬೇಕು. ತಂದ ಪ್ಲಾಸ್ಟಿಕ್ ಬಾಟಲಿಗಳನ್ನು ಕಸ ಸಾಗಿಸುವ ವ್ಯವಸ್ಥೆಯಿಲ್ಲದ ಊರಿನಲ್ಲಿ ಬಿಡದೆ ಕಾರಿನಲ್ಲೇ ಒಯ್ಯಬೇಕು. ಕೆಲಸದವರಿಗೆ ಕೊಡುವ ಭಕ್ಷೀಸಿಗೆ ಗೊತ್ತಾದ ದರವಿಲ್ಲ. ಎದುರು ಕಂಡ ಒಬ್ಬರಿಗೇ ಕೊಟ್ಟರೆ ಹಿತ್ತಲಲ್ಲಿ ಪಾತ್ರೆ ತೊಳೆದವರಿಗೆ ತಲುಪುವುದಿಲ್ಲವಾದ್ದರಿಂದ ಮನೆಯೊಡತಿಯನ್ನು ಕೇಳಿ ಹಂಚುವುದು ಉತ್ತಮ. ಮರೆತುಹೋದ ಚಾರ್ಜರ್, ಮಗುವಿನ ಸ್ವೆಟರ್ ಮುಂತಾದವನ್ನು ಆತಿಥೇಯರು ತಿಂಗಳೊಂದರ ಕಾಲವಾದರೂ ತೆಗೆದಿಡುತ್ತಾರೆ. ಕಳುಹಿಸುವ ಖರ್ಚು ಅತಿಥಿಯದು, ಪೇಟೆಗೆ ಹೋಗಿ ಕೊರಿಯರ್ ಮಾಡುವ ಶ್ರಮ ಆತಿಥೇಯರದು. ಸಂತೆಯ ದಿನದವರೆಗೆ ಕಾಯುವ ತಾಳ್ಮೆ ಮಾತ್ರ ಅತಿಥಿಗೆ ಇರಬೇಕು.